ತೋಡಾರಿನಲ್ಲಿ ಅಳೆದ ನೆರಿಯದ ಮಳೆ

ಹವಾಮಾನ ಸಲಹಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಸಂದೇಶ ನಂಬಿ ನನ್ನ ತಂದೆ ರುಕ್ಮಯ್ಯ ಸತ್ತರು. ಆ ಸಂದೇಶವನ್ನು ನಮಗೆ ಓದಿ ಹೇಳಿದ ಧನರಾಜ್‌ನ ಬಲಗಣ್ಣನ್ನು ನಾನು ಒಡೆದೆ. ಎರಡನೆಯ ಅಪರಾಧಕ್ಕೆ ನನ್ನ ಮೇಲೆ ಮೊಕದ್ದಮೆ ಇದೆ. ಮೊದಲನೆಯದಕ್ಕೆ ಯಾರ ಮೇಲಿದೆ ಎಂದು ಕೇಳಲು ಈ ಪತ್ರ.

ಧನರಾಜ್ ಘಟ್ಟದ ಬುಡದ ನಮ್ಮ ನೆರಿಯ ಊರಿನವನೇ. ನಿಮ್ಮ ಕಂಪ್ಯೂಟರ್ ಮಾದರಿ ಲೆಕ್ಕ ಹಾಕಿದ ಮುನ್ಸೂಚನೆಯನ್ನು ರೈತರಿಗೆ ಮುಟ್ಟಿಸಲು ನೀವೇ ನೇಮಿಸಿದ ಸ್ವಯಂಸೇವಕ. ಎರಡು ವರ್ಷ ಅವನ ಮಾತು ಕೇಳಿ ನಮಗೆ ಒಳ್ಳೆಯದೇ ಆಗಿತ್ತು. ಭತ್ತದ ನೇಜಿ ನೆಡುವ ದಿನ, ಅಡಿಕೆಗೆ ಮದ್ದು ಬಿಡುವ ದಿನ ಯಾವುದೂ ತಪ್ಪಿರಲಿಲ್ಲ. ಹಾಗಾಗಿ ಕಳೆದ ಅಕ್ಟೋಬರ್‌ನಲ್ಲಿ ಅವನು ಬಂದು, "ದೀಪಕ್ಕ, ಐದು ದಿನ ಮಳೆ ಇಲ್ಲಂತೆ. ಹೊಳೆಬದಿಯ ಗದ್ದೆ ಕೊಯ್ದು ಬಿಡುವ" ಎಂದಾಗ ನಾವ್ಯಾರೂ ಆಕಾಶ ನೋಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಗದ್ದೆಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮೇಲೆ ಘಟ್ಟದಲ್ಲಿ ಸುರಿದಿತ್ತು. ಬುಡಸಮೇತ ಕಿತ್ತ ಮರ, ಬಂಡೆ, ಕೆಸರು ಎಲ್ಲ ಒಟ್ಟಿಗೇ ಹೊಳೆಯಲ್ಲಿ ನುಗ್ಗಿ ಬಂತು. ಒಂದು ದಿಮ್ಮಿ ಅಪ್ಪನ ಎದೆಗೆ ಗುದ್ದಿ ಅವರನ್ನು ಬಂಡೆಗೆ ಜಜ್ಜಿದ್ದನ್ನು ನಾನು ಹತ್ತು ಮಾರು ದೂರದಿಂದ ನೋಡಿದೆ. ಪಕ್ಕದಲ್ಲಿ ಕೊಯ್ಯುತ್ತಿದ್ದ ನೆರೆಮನೆಯ ಸೇಸಮ್ಮನ ಕಾಲು ಮೊಣಕಾಲಿನ ಕೆಳಗೆ ಪುಡಿಯಾಯಿತು. ಆಕೆ ಬಾಯಿ ತೆರೆದದ್ದು ಕಂಡಿತು, ಕಿರುಚಿದ್ದು ಕೇಳಿಸಲಿಲ್ಲ. ಅದೇ ಸಂಜೆ ನನ್ನ ಮೊಬೈಲಿಗೆ ನಿಮ್ಮ ಸಂದೇಶ: "ಒಣ ಹವೆ ಮುಂದುವರಿಯಲಿದೆ." ಎಂಥ ಸ್ಥಿರಚಿತ್ತ, ಸ್ವಾಮಿ!

ಮರುದಿನ ಶವಸಂಸ್ಕಾರ ಮುಗಿದ ಮೇಲೆ ಧನರಾಜ್ ನಮ್ಮ ಅಂಗಳಕ್ಕೆ ಬಂದು ಕೈಮುಗಿದು ನಿಂತ. ನಾನು ಕೈಗೆ ಸಿಕ್ಕಿದ ಸೌದೆ ಎತ್ತಿ ಅವನ ಮುಖಕ್ಕೇ ಬೀಸಿದೆ. ಬಿದ್ದವನನ್ನು ಏಳೆಂಟು ಮಂದಿ ತುಳಿದರು. ಅವನು ಕೈ ಅಡ್ಡ ಹಿಡಿಯಲಿಲ್ಲ. ಆ ಹೊತ್ತಿಗೆ ನನಗೆ ಅದು ಹಿತವಾಗಿತ್ತು, ಮುಚ್ಚಿಡುವುದಿಲ್ಲ.

ವಾರದ ಬಳಿಕ ಅವನ ಹೆಂಡತಿ ಮೋಕ್ಷಿತಾ ಪೊಲೀಸ್ ಠಾಣೆಯ ಹೊರಗೆ ನನ್ನ ಕೈಗೆ ಕಾಗದದ ಕಟ್ಟೊಂದನ್ನು ಕೊಟ್ಟು, "ಬೈಯಲಿಕ್ಕೆ ಬಂದದ್ದಲ್ಲ ಅಕ್ಕ. ಓದಿ ನೋಡಿ, ಅಷ್ಟೆ" ಎಂದಳು. ಆ ದುರಂತಕ್ಕೆ ಮೊದಲೇ ಅವನು ನಿಮಗೆ ಬರೆದ ಮೂರು ಪತ್ರಗಳ ನಕಲು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರಕ್ಕೂ ನೀವು ಒಂದೇ ಮುನ್ಸೂಚನೆ ಕೊಡುತ್ತೀರಿ. ಅದನ್ನು ತಾಳೆ ನೋಡುವ ಮಳೆಮಾಪಕ ದೂರದ ಮೂಡುಬಿದಿರೆ ಕಡೆಯ ತೋಡಾರಿನಲ್ಲಿದೆ. ಘಟ್ಟದ ಬುಡದ ಮಳೆಯೇ ಬೇರೆ. ಗುಡ್ಡದ ಮೇಲೊಂದು ಮಾಪಕ ಇಟ್ಟರೆ ದಿನವೂ ಹತ್ತಿ, ಮೋಡ ಕಟ್ಟಿದರೆ ಅಲ್ಲೇ ಕೂತು, ನಾನೇ ಓದಿ ಕಳಿಸುತ್ತೇನೆ ಎಂದು ಬರೆದಿದ್ದ. ಮೂರಕ್ಕೂ ನಿಮ್ಮದು ಒಂದೇ ಉತ್ತರ: "ಮಾದರಿಯ ಸರಾಸರಿ ನಿಖರತೆ ತೃಪ್ತಿಕರವಾಗಿರುವುದರಿಂದ ಕೋರಿಕೆಯನ್ನು ಮುಕ್ತಾಯಗೊಳಿಸಲಾಗಿದೆ." ಸರಾಸರಿಯೇ? ಹಾಗಾದರೆ ನನ್ನ ಅಪ್ಪ ಸರಾಸರಿ ಬದುಕಿದ್ದಾರೆಯೇ? ಸೇಸಮ್ಮನಿಗೆ ಸರಾಸರಿ ಎಷ್ಟು ಕಾಲು?

ಓದಿ ಮುಗಿಸಿ ಧನರಾಜ್ ಮಲಗಿದ್ದ ಆಸ್ಪತ್ರೆಗೆ ಹೋದೆ. ಅವನ ಹಾಸಿಗೆಯ ಕಾಲಬಳಿ ನಿಂತೆ. ಧನರಾಜ್‌ನೇ, "ಕೂತ್ಕೊಳ್ಳಿ ದೀಪಕ್ಕ" ಎಂದ. ನಾನು ಕೂತ ಮೇಲೆ, "ಕಂಪ್ಯೂಟರನ್ನು ಬೈಬೇಡಿ. ಅದಕ್ಕೆ ನಮ್ಮ ಗುಡ್ಡದ ಮಳೆ ಯಾರೂ ಹೇಳಿಯೇ ಇಲ್ಲ. ಮೇಲೊಂದು ಮಾಪಕ ಇದ್ದಿದ್ರೆ ಅರ್ಧ ಗಂಟೆ ಮೊದಲು ಗೊತ್ತಾಗ್ತಿತ್ತು" ಎಂದ. ಗದ್ದೆಯಿಂದ ಮೇಲೆ ಹತ್ತಲು ನಮಗೆ ಮೂರು ನಿಮಿಷ ಸಾಕಿತ್ತು.

ಮುಂದಿನ ಮಳೆಗಾಲದೊಳಗೆ ಗುಡ್ಡದ ಮೇಲೆ ಮಾಪಕ, ಕೆಳಗೆ ಸೈರನ್, ಘಟ್ಟದ ಬುಡದ ಊರುಗಳಿಗೆ ಪ್ರತ್ಯೇಕ ಮುನ್ಸೂಚನೆ ಬರಬೇಕು. ಮೊದಲ ಮುನ್ಸೂಚನೆಯನ್ನು ನೀವೇ ನೆರಿಯಕ್ಕೆ ಬಂದು ನಮ್ಮ ಮುಖ ನೋಡಿ ಓದಬೇಕು. ನಿಮ್ಮ ಮೈ ಮುಟ್ಟಬಾರದೆಂದು ಧನರಾಜ್ ಊರವರೆಲ್ಲರಿಂದ ಮಾತು ತೆಗೆದುಕೊಂಡಿದ್ದಾನೆ. ನಾನು ಇನ್ನೂ ಕೊಟ್ಟಿಲ್ಲ.

ಇಂತಿ,
ತಪ್ಪು ಮುಖಕ್ಕೆ ಹೊಡೆದವಳು,
ದೀಪಶ್ರೀ, ನೆರಿಯ