ಪಟಾಲಮ್ಮಕ್ಕನ ಚೀಟಿಸರ

ಶಿವಾಜಿನಗರ, ಬೆಂಗಳೂರು
೬ ಆಗಸ್ಟ್ ೨೦೦೧

ಪ್ರೀತಿಯ ಪಟಾಲಮ್ಮಕ್ಕನಿಗೆ,

ಕಾವೇರಿ ಮಾಡುವ ನಮಸ್ಕಾರ. ನೀವು ಮಾಲೂರಿಗೆ ಹೋಗಿ ನಾಲ್ಕು ವರ್ಷವಾಯಿತು, ಇದು ನನ್ನ ಮೊದಲ ಕಾಗದ. ಒಂದು ಯುಗಾದಿಗೆ ಬರೆಯಲು ಕೂತೆ, ಒಂದು ದೀಪಾವಳಿಗೆ ಕೂತೆ. ಎರಡು ಸಲವೂ ನಮಸ್ಕಾರದವರೆಗೆ ಬಂದು ಪೆನ್ನು ನಿಂತುಬಿಟ್ಟಿತು. ಬೈಯಬೇಕೆನಿಸಿದರೆ ಬೈದುಬಿಡಿ, ನಿಮ್ಮ ಬೈಗುಳ ಕೇಳಿಯೂ ನಾಲ್ಕು ವರ್ಷವಾಯಿತು. ಇದನ್ನು ಓದಿ ಹೇಳುತ್ತಿರುವವಳು ನಿಮ್ಮ ತಂಗಿಯ ಮಗಳು ಮೋನಿಷಾ ಎಂದು ಗೊತ್ತು. ಮೋನಿಷಾ, ನಿನ್ನ ಸ್ಕೂಲಿನಲ್ಲಿ ಹಾಜರಿ ಕೂಗಿದ ಹಾಗೆ ಓಡಿಸಬೇಡ. ನಿಧಾನವಾಗಿ ಓದು.

ನಾವು ಮಹದೇವಪುರದ ಬಾಡಿಗೆ ಕೋಣೆ ಬಿಟ್ಟು ಕೆ.ಆರ್. ಪುರದಲ್ಲಿ ಮನೆ ಮಾಡಿದ್ದೇವೆ. ಅವ್ವನಿಗೆ ಮೊಣಕಾಲು ನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ರೊಟ್ಟಿ ತಟ್ಟುವಾಗ ದಿನಾ ಒಂದೇ ಮಾತು: "ಪಟಾಲಮ್ಮಗ ಎರಡು ಕಟ್ಟಿ ಕೊಡತಿದ್ದೆ ನೋಡು. ಆಕಿ ಹ್ಯಾಂಗದಾಳ, ಏನು ಉಂತಾಳ, ಒಂದಿನಾನೂ ಕೇಳಲಿಲ್ಲಲ್ಲ ನೀ." ನಮ್ಮ ಜೋಳದ ರೊಟ್ಟಿ ನಿಮಗೆ, ನಿಮ್ಮ ರಾಗಿ ಮುದ್ದೆ ನನಗೆ ಎಂದು ನಡೆದಿದ್ದ ವ್ಯಾಪಾರವನ್ನು ಅವ್ವ ಮರೆತಿಲ್ಲ. ಕಲಬುರಗಿಯಿಂದ ಬಂದ ಹೊಸತರಲ್ಲಿ ಮುದ್ದೆಯನ್ನು ಜಗಿಯಲು ಹೋದವಳು ನಾನು. "ಅಗೀಬೇಡ್ವೇ, ನುಂಗು. ಗಂಟಲಿಗೆ ದಾರಿ ಗೊತ್ತಿರ್ತದೆ" ಎಂದಿದ್ದಿರಿ. ಈಗ ಮಧ್ಯಾಹ್ನ ಒಬ್ಬಳೇ ಡಬ್ಬಿ ಬಿಚ್ಚುತ್ತೇನೆ. ಎರಡನೆಯ ರೊಟ್ಟಿ ಸೇರುವುದಿಲ್ಲ.

ಪ್ರೆಸ್ಸಿನ ಸುದ್ದಿ ಕೇಳಿ. ನಮ್ಮ ಮಾಲೀಕ ಅಹ್ಮದ್ ಪಾಷಾ ಸಾಹೇಬರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಹಳೆಯ ಮಷೀನು ಮಾರಿ ಇನ್ನೂ ಮೂರು ಕಂಪ್ಯೂಟರ್ ಇಟ್ಟಿದ್ದಾರೆ. ಹೋದ ವರ್ಷ ಗೋಡೆಗೆ ಬಣ್ಣ ಹೊಡೆಸಿದಾಗ ಪೇಂಟರು ನಿಮ್ಮ ಮೊಳೆಗಳನ್ನೆಲ್ಲ ಕೀಳಲು ಬಂದ. ನಾನು ಅಡ್ಡ ನಿಂತೆ. ಅ ಅಕ್ಷರದಿಂದ ಳ ಅಕ್ಷರದವರೆಗೆ ಸಾಲಾಗಿ ಹೊಡೆದಿದ್ದ ಆ ಮೊಳೆಗಳು ಇನ್ನೂ ಅಲ್ಲೇ ಇವೆ. ಕ ಮೊಳೆಗೆ ಯಾರೋ ಕೊಡೆ ನೇತು ಹಾಕುತ್ತಾರೆ, ಹ ಮೊಳೆಗೆ ನನ್ನ ಡಬ್ಬಿ ಚೀಲ.

ಆ ಗೋಡೆ ನೋಡಿದಾಗಲೆಲ್ಲ ನೀವು ಕೂತು ಕೆಲಸ ಮಾಡುತ್ತಿದ್ದುದು ಕಣ್ಣಿಗೆ ಕಟ್ಟುತ್ತದೆ. ಯಾವುದೇ ಮಷೀನಿನ ಮ್ಯಾನುಯಲ್‌ನ ಪ್ರೂಫ್ ಬಂದರೆ ಸಾಕು, ನೀಲಿ ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಇಳಿಯುತ್ತಿದ್ದಿರಿ. ಒಂದೊಂದು ಪದಕ್ಕೂ ಕಟಿಂಗ್‌ನಲ್ಲಿ ಉಳಿದ ಕಾಗದದ ಒಂದು ಚೀಟಿ, ಮೇಲೆ ಪದ, ಕೆಳಗೆ ಪುಟದ ನಂಬರು. ನಿಮ್ಮ ತಾಯಿ ಹಲಸೂರಿನಲ್ಲಿ ಹೂ ಮಾರುತ್ತಿದ್ದ ಕಾಲದ ಸೂಜಿ ದಾರದಿಂದಲೇ ಚೀಟಿಗಳನ್ನು ಪೋಣಿಸಿ ಆಯಾ ಅಕ್ಷರದ ಮೊಳೆಗೆ ಹಾಕುತ್ತಿದ್ದಿರಿ. ಪುಸ್ತಕದ ಕೊನೆಯ ಪದಸೂಚಿ ಆ ಸರಗಳಿಂದಲೇ ಹುಟ್ಟುತ್ತಿತ್ತು. ನಾನು ಅದನ್ನು ನೋಡಿ ಟೈಪ್ ಮಾಡಿದರೆ ಮುಗಿಯಿತು.

ಈಗ ಆ ಕೆಲಸ ಮ್ಯಾಕ್ರೋದ್ದು. ಅದೇನೆಂದು ಆಗ ಹೇಳಲು ಬಂದರೆ ನೀವು ಕೈಬೀಸಿ ಕಳಿಸುತ್ತಿದ್ದಿರಿ. ಈಗ ಕಾಗದದಲ್ಲಿ ಹೇಳುತ್ತೇನೆ, ಕೇಳಲೇಬೇಕು. ಕಂಪ್ಯೂಟರಿಗೆ ಕೊಡುವ ಸಣ್ಣ ಸಣ್ಣ ಅಪ್ಪಣೆಗಳನ್ನು ಒಮ್ಮೆ ಬರೆದಿಟ್ಟು ಒಂದು ಹೆಸರು ಕೊಟ್ಟರೆ, ಆ ಹೆಸರು ಕರೆದಾಗಲೆಲ್ಲ ಅದು ಅಷ್ಟೂ ಕೆಲಸ ಮಾಡುತ್ತದೆ. ಬೇಕಾದ ಪದದ ಪಕ್ಕ ಆ ಹೆಸರನ್ನು ಬರೆದರಾಯಿತು. ಅಚ್ಚಿನಲ್ಲಿ ಅದು ಕಾಣುವುದಿಲ್ಲ. ಆದರೆ ಆ ಪದ ಯಾವ ಪುಟದಲ್ಲಿ ಬಿತ್ತು ಎಂಬುದನ್ನು ಕಂಪ್ಯೂಟರೇ ಬೇರೆ ಕಡೆ ಬರೆದುಕೊಂಡು, ಕೊನೆಗೆ ಎಲ್ಲವನ್ನೂ ಅಕ್ಷರದ ಸಾಲಿನಲ್ಲಿ ಜೋಡಿಸಿಕೊಡುತ್ತದೆ. ನಾನು ಬರೆದ ಮ್ಯಾಕ್ರೋಗೆ "ಚೀಟಿ" ಎಂದೇ ಹೆಸರಿಟ್ಟಿದ್ದೇನೆ. ದಿನಕ್ಕೆ ನೂರು ಸಲ ಆ ಹೆಸರು ಬರೆಯುತ್ತೇನೆ, ನೂರು ಸಲವೂ ನಿಮ್ಮ ನೆನಪಾಗುತ್ತದೆ.

ಈಗ ಬರೆಯಲು ಕಾರಣ ಹೇಳುತ್ತೇನೆ. ಮಹದೇವಪುರದ ಲೇತ್ ಫ್ಯಾಕ್ಟರಿಯವರ ಕನ್ನಡ ಮ್ಯಾನುಯಲ್ ಹೋದ ವರ್ಷ ನಾವೇ ಮಾಡಿಕೊಟ್ಟೆವು. ಪದಸೂಚಿ ಪೂರ್ತಿ ಮ್ಯಾಕ್ರೋದ್ದೇ, ಒಂದು ನಂಬರೂ ತಪ್ಪಿರಲಿಲ್ಲ. ಜಂಬದಿಂದಲೇ ಫ್ಯಾಕ್ಟರಿಗೆ ಹೋದೆ. ಅಲ್ಲಿನ ಫೋರ್‌ಮನ್ ಸಾಯಬಣ್ಣ ನಮ್ಮ ಕಡೆಯವರು. ಪುಸ್ತಕವನ್ನು ನನ್ನ ಮುಂದೆ ಇಟ್ಟು, "ತಂಗಿ, ಮಷೀನು ಗಡಗಡ ಅಂತದ. ಏನು ಮಾಡಬೇಕು, ಇದರಾಗ ಹುಡುಕಿ ತೋರಸು" ಎಂದರು. ಗ ಅಕ್ಷರದಲ್ಲಿ ಇರಲಿಲ್ಲ, ಶಬ್ದ ಎಂದು ಹುಡುಕಿದರೂ ಇರಲಿಲ್ಲ. ಪುಸ್ತಕದ ಒಳಗೆ ಅದು "ಕಂಪನ" ಎಂದಿದೆ, ಪದಸೂಚಿಯಲ್ಲೂ ಅದೇ. "ಹಳೇ ಪುಸ್ತಕದಾಗ ನಮ್ಮ ಬಾಯಾಗಿನ ಮಾತು ಇರತಿತ್ತು. ಒಬ್ಬ ಹೆಣಮಗಳು ಬಂದು, ಇದಕ್ಕ ಏನಂತೀರಿ, ಅದಕ್ಕ ಏನಂತೀರಿ ಅಂತ ಕೇಳಿ ಬರಕೊಂಡು ಹೋಗತಿದ್ಲು. ಆ ಹೆಣಮಗಳು ಎಲ್ಲಿ?" ಎಂದರು.

ಬಸ್ಸಿನಲ್ಲಿ ಅಷ್ಟು ದೂರ ಹೋಗಿ ನೀವು ಎಣ್ಣೆ ಕೈಯ ಜನರ ಹತ್ತಿರ ಹರಟೆ ಹೊಡೆಯುತ್ತೀರಿ ಎಂದು ನಗುತ್ತಿದ್ದವಳು ನಾನೇ. "ಗಡಗಡ ಶಬ್ದ: ಕಂಪನ ನೋಡಿ" ಎಂಬ ಚೀಟಿ ಹುಟ್ಟುತ್ತಿದ್ದುದು ಅಲ್ಲಿ ಎಂದು ಗೊತ್ತಾಗಲು ಇಷ್ಟು ದಿನ ಬೇಕಾಯಿತು. ಗುರುತು ಹಾಕಿದ ಪದವನ್ನಷ್ಟೇ ಮ್ಯಾಕ್ರೋ ಹುಡುಕಿಕೊಡುತ್ತದೆ. ಯಾವ ಪದಕ್ಕೆ ಗುರುತು ಹಾಕಬೇಕು ಎಂದು ಅದಕ್ಕೆ ಗೊತ್ತಿಲ್ಲ, ನನಗೂ ಅಷ್ಟಾಗಿ ಗೊತ್ತಿಲ್ಲ.

ಅದೇ ಮ್ಯಾನುಯಲ್‌ನ ಹೊಸ ಮುದ್ರಣದ ಕೆಲಸ ಈಗ ನಮಗೆ ಬಂದಿದೆ. ಪಾಷಾ ಸಾಹೇಬರ ಹತ್ತಿರ ಮಾತಾಡಿದ್ದೇನೆ. "ಅವರು ಬರ್ತಾರೇನಮ್ಮಾ? ಆವತ್ತು ನಾನು ಹಾಗೆ ಮಾತಾಡಬಾರದಿತ್ತು" ಎಂದು ತಲೆ ಬಗ್ಗಿಸಿದರು. ನಿಮಗೆ ನೆನಪಿದೆ, ಪಂಪ್ ಕಂಪನಿಯವರು ಪುಸ್ತಕದ ಕಟ್ಟುಗಳನ್ನು ವಾಪಸು ತಂದು ಬಾಗಿಲಲ್ಲಿ ಇಳಿಸಿದ ದಿನ. ಪದಸೂಚಿಯಲ್ಲಿ ನಲವತ್ತೊಂದು ಪದಗಳ ನಂಬರು ತಪ್ಪಿತ್ತು. "ಪಟಾಲಮ್ಮ, ನಿಮ್ಮ ಕಣ್ಣು ಮಂಜಾಗಿದೆ. ಇನ್ನು ಸಾಕು ಮಾಡಿ" ಎಂದು ಪಾಷಾ ಸಾಹೇಬರು ಎಲ್ಲರೆದುರು ಅಂದರು. ನೀವು ಕನ್ನಡಕ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿರಿ. ಆ ದಿನದ ಮಿಕ್ಕ ಮಾತು ಕೊನೆಗೆ ಬರೆಯುತ್ತೇನೆ.

ಹೋದ ವಾರ ಮೋನಿಷಾ ಪ್ರೆಸ್ಸಿಗೆ ಫೋನ್ ಮಾಡಿದ್ದಳು, ನಿಮಗೆ ಹೇಳಿರಲಾರಳು. "ಡಾಕ್ಟರು ಕಣ್ಣಲ್ಲಿ ಏನೂ ತೊಂದ್ರೆ ಇಲ್ಲ ಅಂದ್ರು ಕಾವೇರಕ್ಕ. ದೊಡ್ಡಮ್ಮ ನಂಬಲ್ಲ. ಪೇಪರ್ ಮುಟ್ಟಲ್ಲ, ಕನ್ನಡಕ ಡಬ್ಬಿಯಿಂದ ತೆಗ್ದೇ ಇಲ್ಲ. ‘ನನ್ನ ಕಣ್ಣು ನಾಲ್ಕು ವರ್ಷದ ಹಿಂದೇನೇ ಹೋಯ್ತು ಬಿಡು’ ಅಂತಾರೆ" ಎಂದಳು. ಫೋನಿಟ್ಟ ಮೇಲೆ ನನಗೆ ಕೆಲಸ ಮಾಡಲಾಗಲಿಲ್ಲ. ಅಂದೇ ಈ ಕಾಗದ ಬರೆಯುವುದೆಂದು ತೀರ್ಮಾನಿಸಿದೆ.

ಬನ್ನಿ ಅಕ್ಕ. ಮಾಲೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿ ಕಂಟೋನ್ಮೆಂಟಿನಲ್ಲಿ ಇಳಿಯಿರಿ, ನಾನು ಪ್ಲಾಟ್‌ಫಾರಂನಲ್ಲೇ ನಿಂತಿರುತ್ತೇನೆ. ನಂಬರಿನ ಗೋಳು ಮ್ಯಾಕ್ರೋಗೆ ಇರಲಿ, ನೀವು ಪದ ಹೇಳಿ ಸಾಕು. ಗೌರಿ ಹಬ್ಬದೊಳಗೆ ಒಂದು ಸಾಲು ಬರೆಯಿರಿ. ನೀವಿಲ್ಲದೆ ನನಗೆ ಆ ಪ್ರೆಸ್ಸು ಬೇಜಾರು. ಇದನ್ನು ಎದುರಿಗೆ ಹೇಳುವ ಧೈರ್ಯ ಯಾವತ್ತೂ ಇರಲಿಲ್ಲ. ತಂಗಿಯವರಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ತಲೆಯ ಮೇಲೆ ಕೈಯಿಡಲು ಮನಸ್ಸಾದರೆ ಅಲ್ಲಿಂದಲೇ ಇಡಿ. ಮನಸ್ಸಾಗದಿದ್ದರೂ ನಾನು ನಿಮ್ಮವಳೇ.

ನಿಮ್ಮ
ಕಾವೇರಿ

ತಾ.ಕ. ಮೋನಿಷಾ, ಇಲ್ಲಿಗೆ ನಿಲ್ಲಿಸು. ಬೇರೆಯಾಗಿ ಮಡಚಿಟ್ಟ ಹಾಳೆಯನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಕನ್ನಡಕದ ಡಬ್ಬಿ ಪಕ್ಕದಲ್ಲಿಟ್ಟು ನೀನು ಹೊರಗೆ ಹೋಗು. ಅಕ್ಷರ ದಪ್ಪಗೆ ಬರೆದಿದ್ದೇನೆ.

ಅಕ್ಕ, ಪಂಪಿನ ಪುಸ್ತಕಕ್ಕೆ ನಾನು ನಿಮ್ಮ ಚೀಟಿಯಿಂದ ಪದಗಳನ್ನಷ್ಟೇ ತೆಗೆದುಕೊಂಡೆ. ನಂಬರುಗಳನ್ನು ಹಾಕಿದ್ದು ಆಗಷ್ಟೇ ಕಲಿತು ಬರೆದ ನನ್ನ ಮ್ಯಾಕ್ರೋ. ಯಾರಿಗೂ ಹೇಳಿರಲಿಲ್ಲ. ಪುಸ್ತಕ ಬಂದ ಮೇಲೆ ಹೇಳಿ ನಿಮ್ಮನ್ನು ಬೆರಗುಗೊಳಿಸುವ ಆಸೆ ಇತ್ತು. ಕಂಪ್ಯೂಟರು ಇಡೀ ಪ್ಯಾರಾ ಓದಿಕೊಂಡ ಮೇಲೆಯೇ ಪುಟವನ್ನು ಎಲ್ಲಿ ಕತ್ತರಿಸಬೇಕೆಂದು ನೋಡುತ್ತದೆ. ಪುಟ ಮುಗಿಯುವವರೆಗೆ ಕಾದು ನಂಬರು ಬರೆಯಬೇಕಿತ್ತು. ನನ್ನ ಮ್ಯಾಕ್ರೋ ಕಾಯದೆ, ಪದ ಓದಿದ ಕೂಡಲೇ ಬರೆದುಬಿಟ್ಟಿತು. ಮುಂದಿನ ಪುಟಕ್ಕೆ ಜಾರಿದ ಪದಗಳಿಗೆಲ್ಲ ಹಿಂದಿನ ಪುಟದ ನಂಬರು ಬಿತ್ತು.

ಆ ದಿನ ನೀವು ಸರಗಳನ್ನು ನನ್ನ ಕೈಗೆ ಕೊಟ್ಟು, "ನೀನೇ ನೋಡಿ ಹೇಳೇ, ನನ್ನ ಚೀಟೀಲಿ ತಪ್ಪಿದ್ಯಾ?" ಎಂದು ಕೇಳಿದಿರಿ. ನೋಡಿದೆ. ಮೊದಲ ಸರದಲ್ಲೇ ಗೊತ್ತಾಯಿತು, ನಿಮ್ಮದು ಸರಿ ಇತ್ತು. ಕೆಲಸ ಹೋಗುತ್ತದೆಂದು ಹೆದರಿದೆ. "ಹೂಂ ಅಕ್ಕ, ತಪ್ಪಿದೆ" ಎಂದೆ. ನೀವು ನನ್ನ ಮಾತು ನಂಬಿದಿರಿ.

ಪಾಷಾ ಸಾಹೇಬರಿಗೆ ನಿನ್ನೆ ಎಲ್ಲವನ್ನೂ ಹೇಳಿದ್ದೇನೆ. ಸರಗಳು ನನ್ನ ಹತ್ತಿರವೇ ಇವೆ. ನಲವತ್ತೊಂದು ಚೀಟಿಗಳನ್ನೂ ಪುಸ್ತಕದ ಪಕ್ಕ ಇಟ್ಟು ನೋಡಿದ್ದೇನೆ, ಒಂದೂ ತಪ್ಪಿಲ್ಲ. ಅವುಗಳಲ್ಲಿ ಒಂದನ್ನು ಇದರ ಜೊತೆ ಇಟ್ಟಿದ್ದೇನೆ: "ನೀರು ಎಳೆಯುತ್ತಿಲ್ಲ, ೮೭." ನಾನು ಅಚ್ಚು ಹಾಕಿಸಿದ್ದು ೮೬. ಎಂಬತ್ತೇಳನೆಯ ಪುಟದ ಹಾಳೆಯನ್ನೂ ಪುಸ್ತಕದಿಂದ ಬಿಚ್ಚಿ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ನೀವೇ ನೋಡಿ ಅಕ್ಕ. ಈ ಸಲ ನನ್ನನ್ನು ಕೇಳಬೇಡಿ.