ಶಾಲಿನ ಬದಲು ಅಡ್ಮಿನ್

ಜುಲೈ 2, ಬೆಳಿಗ್ಗೆ. ಬೈಲಹೊಂಗಲ

ಮತ್ತೆ ಗುಲಾಬಿ. ಕಿತ್ತೂರಿನ ಟಯರ್ ಅಂಗಡಿ ರಾಮಲಿಂಗಪ್ಪನವರದು — ಶುಭೋದಯ. ಅದರ ಹಿಂದೆ ಸಾಲುಸಾಲು ಕೈಮುಗಿದ ಚಿತ್ರ. ಇದು ರಕ್ತದಾನಿಗಳ ವಾಟ್ಸಾಪ್ ಗ್ರೂಪೋ, ಹೂವಿನ ಸಂತೆಯೋ? ನಿನ್ನೆ ಸವದತ್ತಿಯ ಪೇಶಂಟ್ ಒಬ್ಬರಿಗೆ ರಕ್ತ ಬೇಕೆಂದು ಹಾಕಿದ ಮೆಸೇಜು ಇದರಲ್ಲೇ ಮುಚ್ಚಿಹೋಯಿತು.

ತಂಗಿ ಅನ್ನಪೂರ್ಣಾಗೆ ದಿನ ತುಂಬುತ್ತಿದೆ. ಓ ನೆಗೆಟಿವ್. ಹೆರಿಗೆಯಲ್ಲಿ ರಕ್ತ ಬೇಕಾದೀತು ಎಂದಿದ್ದಾರೆ ಧಾರವಾಡದ ಡಾಕ್ಟರ್. ಅವಳ ಮೆಸೇಜೂ ಹೀಗೇ ಮುಳುಗಿದರೆ?

ಸಂಜೆ

ಮಾಡಿಬಿಟ್ಟೆ, ನಾನೂ ಅಡ್ಮಿನ್ ತಾನೇ. ಇನ್ನು ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಆದರೆ ಅಡ್ಮಿನ್‌ಗಳೇ ಒಂದು ದಂಡು! ಗ್ರೂಪ್ ಕಟ್ಟಿದ್ದು ಚಚಡಿಯ ಸಂಗಪ್ಪ ಸರ್ — ತೀರಿಕೊಂಡು ವರ್ಷವಾಯಿತು. ರಕ್ತದಾನದ ಕ್ಯಾಂಪಿಗೆ ಕುರ್ಚಿ ಕೊಟ್ಟವರು, ಉಪ್ಪಿಟ್ಟು ಮಾಡಿಸಿದವರು... ಎಲ್ಲರಿಗೂ ಸರ್ ಶಾಲಿನ ಬದಲು ಅಡ್ಮಿನ್ ಪಟ್ಟ ಕೊಟ್ಟಿದ್ದರು. ಒಬ್ಬೊಬ್ಬರನ್ನೇ ಇಳಿಸಿದೆ. ಸರ್ ನಂಬರ್ ಮಾತ್ರ ಇಳಿಯುವುದಿಲ್ಲ, ಗ್ರೂಪ್ ಮಾಡಿದವರದು. ಗ್ರೂಪಿಗೇ ಹಿರಿಯ, ರಾಮದುರ್ಗದ ಉಳವಪ್ಪ ಕಾಕಾನನ್ನು ಮುಟ್ಟಲು ಧೈರ್ಯ ಸಾಲಲಿಲ್ಲ.

ರಾಮಲಿಂಗಪ್ಪ ಫೋನ್ ಮಾಡಿದ್ದರು. "ನಾ ಏನ್ ತಪ್ಪ ಮಾಡೇನ್ರಿ ಮೀನಾ ಮೇಡಂ? ಅಡ್ಮಿನ್ ಆಗೇನಿ ಅಂತ ಮನ್ಯಾಗ ಎಲ್ಲಾರಿಗೂ ತೋರಿಸಿದ್ನಿ." ಕಟ್ ಮಾಡಿದೆ.

ಜುಲೈ 4

ನನ್ನನ್ನೇ ತೆಗೆದಿದ್ದಾರೆ! ಗ್ರೂಪಿನಿಂದಲೇ! ಉಳವಪ್ಪ ಕಾಕಾನ ಕೆಲಸ. ಫೋನ್ ಹಚ್ಚಿದೆ.

"ಹಿರ್ಯಾರ ಮರ್ಯಾದಿ ತಗದಿ. ನಿಂದೂ ತಗದೇನಿ. ಶ್ರೀಶೈಲಕ್ಕ ಹೊಂಟೇನಿ, ಬಂದ ಮ್ಯಾಲ ನೋಡೂಣು."

ಆಮೇಲೆ ಸ್ವಿಚ್ ಆಫ್. ಬೀಗ ಹಾಕಿದವಳು ನಾನು, ಕೀಲಿಕೈ ಅವರ ಜೇಬಿನಲ್ಲಿ. ಇರಲಿ. ಹೆರಿಗೆಗೆ ಇನ್ನೂ ಟೈಮ್ ಇದೆ.

ಜುಲೈ 9, ಬೆಳಿಗ್ಗೆ

ಅನ್ನಪೂರ್ಣಾಳ ಗಂಡ ಗೌರೀಶನ ಫೋನ್. ಅಳುತ್ತಿದ್ದಾನೆ. "ಅಕ್ಕಾರ, ಕೂಸು ಹುಟ್ಟೇತ್ರಿ. ಆದ್ರ ಈಕಿಗೆ ರಕ್ತ ಹೋಗೂದು ನಿಂದ್ರವಲ್ದು. ಬ್ಲಡ್ ಬ್ಯಾಂಕಿನ್ಯಾಗ ಇದ್ದದ್ದು ಹಾಕ್ಯಾರ. ಮತ್ತ ಬೇಕಂತ, ಲಗೂನ ಬೇಕಂತ."

ನನಗೆ ಗೊತ್ತಿರುವ ಓ ನೆಗೆಟಿವ್ ಇಬ್ಬರೇ. ಕಾಂತೇಶ ಹೋದ ತಿಂಗಳಷ್ಟೇ ಕೊಟ್ಟಿದ್ದಾನೆ, ಇಷ್ಟು ಬೇಗ ಮತ್ತೆ ಕೊಡುವಂತಿಲ್ಲ. ಇನ್ನೊಬ್ಬ ಪುಣೆಯಲ್ಲಿ. ಉಳವಪ್ಪ ಸ್ವಿಚ್ ಆಫ್. ಇನ್ನೂ ಸ್ವಿಚ್ ಆಫ್. ನಾಲ್ಕು ತಾಲೂಕಿನ ಮಂದಿ ಆ ಗ್ರೂಪಿನಲ್ಲಿದ್ದಾರೆ, ಯಾರಿಗೂ ಬಾಯಿಲ್ಲ. ನಾನೇ ಮುಚ್ಚಿಸಿದ್ದು. ಏನು ಮಾಡಲಿ ಶಿವನೇ...

ಸಂಗಪ್ಪ ಸರ್! ಅವರ ನಂಬರ್ ಇನ್ನೂ ಅಡ್ಮಿನ್!

ಚಚಡಿ, ಮಧ್ಯಾಹ್ನ

ಸೋಮವ್ವನ ಮನೆಕಟ್ಟೆಯ ಮೇಲೆ ಕೂತಿದ್ದೇನೆ. ಸರ್ ಹೆಂಡತಿ ಇವರು. ಗಂಡನ ಫೋನಿಗೆ ಇನ್ನೂ ರೀಚಾರ್ಜ್ ಮಾಡಿಸುತ್ತಾರೆ.

"ಟಿಣ್ ಅಂದ್ರ ಅವ್ರು ಮನ್ಯಾಗ ಅದಾರ ಅನಸ್ತಿತ್ತು. ವಾರಾತು, ಸುಮ್ಮನ ಬಿದ್ದೈತಿ ನೋಡವ್ವಾ. ಕೆಟ್ಟತೇನ?"

ಅವರ ಕೈಯಿಂದ ಫೋನ್ ಇಸಿದುಕೊಂಡೆ. ಗ್ರೂಪಿನ ಬೀಗ ತೆಗೆದೆ, ಎಲ್ಲರಿಗೂ. ಅನ್ನಪೂರ್ಣಾಳ ಮೆಸೇಜ್ ಹಾಕಿದೆ.

ಟಿಣ್. ಟಿಣ್ ಟಿಣ್. 'ಸರ್ ನಂಬರ್ ಹ್ಯಾಂಗ ಬಂತು?' 'ಓಂ ಶಾಂತಿ.' 'ಯಾರೋ ಹ್ಯಾಕ್ ಮಾಡ್ಯಾರ, ಒತ್ತಬ್ಯಾಡ್ರಿ.' ಕೈಮುಗಿದ ಚಿತ್ರ, ಕೈಮುಗಿದ ಚಿತ್ರ... ನನ್ನ ಮೆಸೇಜ್ ಮೇಲೆ ಸರಿದುಹೋಯಿತು. ಮತ್ತೆ ಹಾಕಿದೆ. ಮತ್ತೆ ಹೋಯಿತು. ಸೋಮವ್ವ ಮಾತ್ರ ಒಂದೊಂದು ಟಿಣ್‌ಗೂ ನಗುತ್ತಿದ್ದಾರೆ.

ಗುಲಾಬಿ! ರಾಮಲಿಂಗಪ್ಪನವರದು. ಫೋನನ್ನು ಗೋಡೆಗೆ ಬೀಸಿ ಒಗೆಯಬೇಕು ಅನ್ನಿಸಿತು. ಹೂವಿನ ಕೆಳಗೆ ಏನೋ ಬರೆದಿದ್ದರು — 'ನಂದ ಓ ನೆಗೆಟಿವ್ ಐತ್ರಿ. ಗಾಡಿ ಚಾಲೂ ಮಾಡೇನಿ. ಯಾವ ದವಾಖಾನಿ?'

ಕುರ್ಚಿ ಕೊಟ್ಟರೆಂದು ಸರ್ ಅವರನ್ನು ಅಡ್ಮಿನ್ ಮಾಡಿದ್ದರು. ಹೂ ಕಳಿಸಿದರೆಂದು ನಾನು ಇಳಿಸಿದೆ. ರಕ್ತದ ಗುಂಪು ಯಾವುದೆಂದು ಯಾರೂ ಕೇಳಿರಲಿಲ್ಲ.

ದವಾಖಾನೆ ಹೆಸರು ಕಳಿಸಿದೆ. ಕಿತ್ತೂರಿನಿಂದ ಧಾರವಾಡ, ಹೈವೇ... ಲಗೂನ ಹೋಗ್ರಿ ಯಪ್ಪಾ, ಲಗೂನ ಹೋಗ್ರಿ.

ಈಗ ನನ್ನ ಫೋನ್ ಬಡಿದುಕೊಳ್ಳುತ್ತಿದೆ. ಗೌರೀಶ. "ಎತ್ತವ್ವಾ," ಅನ್ನುತ್ತಿದ್ದಾರೆ ಸೋಮವ್ವ. "ಎತ್ತು, ಏನಂತಾನ ಕೇಳು." ಎತ್ತುತ್ತಿದ್ದೇನೆ—