ಫೋಟೋಗೆ ಕಟ್ಟಿದ ತಾಳಿ

ಕೆ.ಆರ್. ಪೇಟೆ
೧೪ ನವೆಂಬರ್ ೨೦೨೪

ಪ್ರೀತಿಯ ಅಕ್ಕನಿಗೆ,

ತಮ್ಮ ಮೌನೇಶ ಮಾಡುವ ನಮಸ್ಕಾರ. ಇಷ್ಟು ದಿನ ಸುಮ್ಮನಿದ್ದೆನೆಂದು ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು; ಆದರೆ ನೀನು ಸ್ಪೀಕರ್ ಹಾಕಿಕೊಂಡು ಮಾತಾಡುತ್ತೀಯ, ನಮ್ಮ ಮನೆ ಸುದ್ದಿ ನಾಗಮಂಗಲದ ಬೀದಿಗೆಲ್ಲ ದೇವರ ಚರುಪಿನ ಹಾಗೆ ಹಂಚಿಹೋಗುತ್ತದೆ. ಅವ್ವ ಚೆನ್ನಾಗಿದ್ದಾಳೆ. ಮಂಡಿ ಸೋತಿದೆ, ಬಾಯಿ ಸೋತಿಲ್ಲ.

ನನ್ನ ಮಗಳು ಹರ್ಷಿತಳಿಗೆ ನಿಶ್ಚಯವಾಗಿದ್ದ ಮದುವೆ ಮುರಿದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಮದುವೆಗೆ ಮೊದಲೇ ಜೋಡಿಯ ಫೋಟೋ ತೆಗೆಸುವುದು ಈಗಿನ ಪದ್ಧತಿಯಲ್ಲವೇ? ಅದಕ್ಕೆಂದು ಹುಡುಗ ಅರುಣನೂ ಇವಳೂ ಗೋವಿಂದನಹಳ್ಳಿಯ ಈಶ್ವರ ದೇವಸ್ಥಾನಕ್ಕೆ ಹೋಗಿದ್ದರು. ಮೊದಲು ಗೌನು, ಆಮೇಲೆ ಸೀರೆ. ಕ್ಯಾಮೆರಾದವನಿಗೆ ತಾಳಿ ಕಟ್ಟುವ ಸೀನೂ ಬೇಕಂತೆ. ಹಾಗಾಗಿ ಹಿಂದಿನ ದಿನ ನಾನೇ ಹಿತ್ತಾಳೆಯಲ್ಲೊಂದು ಮಾಡಿಕೊಟ್ಟೆ. ಊರವರಿಗೆ ಚಿನ್ನದ ತಾಳಿ ಮಾಡಲು ಕೂರುವಾಗ ಸ್ನಾನ ಮಾಡಿ, ಚಿನ್ನ ಕಾಯಿಸುವ ಅಗ್ಗಿಷ್ಟಿಕೆಗೆ ಕೈಮುಗಿಯುವವನು, ಅವತ್ತು ಎಲೆಅಡಿಕೆ ಜಗಿಯುತ್ತಲೇ ಬಡಿದು ಮುಗಿಸಿದೆ. ಆಟದ ಸಾಮಾನು ತಾನೇ.

"ನಗ್ತಾ ಕಟ್ಟಿ ಸಾರ್, ಇನ್ನೊಂದ್ಸಲ" ಎಂದು ಮತ್ತೆ ಮತ್ತೆ ಕಟ್ಟಿಸಿದನಂತೆ. ಚಿತ್ರ ಚೆಂದ ಬಂದಿತ್ತು, ಸುಳ್ಳೇಕೆ ಹೇಳಲಿ. ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೆ. ತಿಂಗಳು ತುಂಬಲಿಲ್ಲ, ಹೊಂದಿಕೆಯಾಗಲ್ಲ ಎಂದು ಅರುಣ ಫೋನು ಮಾಡಿದ. ತಾಳಿಯ ಮಾತೆತ್ತಿದರೆ, "ಅದು ಶೂಟಿಂಗ್ ಅಲ್ವಾ ಮಾವ? ಡಿಲೀಟ್ ಮಾಡ್ಬುಡಿ" ಅಂದ. ಮಾವ ಅನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅವ್ವನದು ಒಂದೇ ಹಟ: "ಈಸ್ವರನ್ ಮುಂದೆ ಗಂಟು ಬಿದ್ಮ್ಯಾಕೆ ಬಿತ್ತು ಕಣ್ಲಾ. ಹಿತ್ತಾಳೆ ಆದ್ರೇನು, ಅರಿಸ್ನದ ಕೊಂಬಾದ್ರೇನು? ಅವ್ಳಿಗೆ ಮದ್ವೆ ಆಗೋಗದೆ."

ನನ್ನವಳು ಬಿಡುತ್ತಾಳೆಯೇ? "ಮಂತ್ರ ಇಲ್ಲ, ವಾಲಗ ಇಲ್ಲ, ಅದ್ಯಾವ ಮದ್ವೆ ಅತ್ತೆ? ನಾಟ್ಕದಲ್ಲಿ ದಿನಾ ಕಟ್ತಾರೆ, ಅವ್ರೆಲ್ಲ ಗಂಡ ಹೆಂಡ್ತೀರಾ?"

ಅವ್ವ ಮಾತಾಡುವಾಗ ಅವ್ವನದು ಸರಿ, ಇವಳು ಮಾತಾಡುವಾಗ ಇವಳದು ಸರಿ. ಜೀವಮಾನವೆಲ್ಲ ತಾಳಿ ಮಾಡಿದವನಿಗೆ ತಾಳಿ ಅಂದರೇನೆಂದು ಗೊತ್ತಾಗುತ್ತಿಲ್ಲ ಅಕ್ಕ. ತಲೆ ಕೆಟ್ಟು ಕೆರ ಹಿಡಿದಿದೆ.

ಬರುವ ಭಾನುವಾರ ಪಾಂಡವಪುರದವರು ಹರ್ಷಿತಳನ್ನು ನೋಡಲು ಬರುತ್ತಾರೆ. ಅವರಿಗೆ ಇದನ್ನು ಹೇಳಬೇಕೋ ಬೇಡವೋ? ಹೇಳಿದರೆ ಕಾಫಿ ಆರುವ ಮೊದಲೇ ಎದ್ದು ಹೋಗುತ್ತಾರೆ. ಹೇಳದಿದ್ದರೆ, ಆ ಫೋಟೋ ಯಾರ ಫೋನಿನಲ್ಲಿ ಕೂತಿದೆಯೋ! ಮಗಳನ್ನು ಕೇಳಿದರೆ "ನಿನ್ನಿಷ್ಟ ಅಪ್ಪ" ಅನ್ನುತ್ತಾಳೆ. ಹಿತ್ತಾಳೆಯದನ್ನು ಅರುಣ ಫೋನು ಮಾಡಿದ ದಿನವೇ ಕಾಲುವೆಗೆ ಎಸೆದೆ ಅಂದಿದ್ದಳು, ಅದೊಂದು ಸಮಾಧಾನ. ನೀನು ಹಿರಿಯಳು, ದಾರಿ ತೋರಿಸು.

ಭಾವನಿಗೆ ನಮಸ್ಕಾರ. ನಿನ್ನ ಮೊಮ್ಮಕ್ಕಳು ನೂರ್ಕಾಲ ಬಾಳಲಿ.

ನಿನ್ನ ತಮ್ಮ,
ಮೌನೇಶ

ಮಡಿಸಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಈಗಷ್ಟೇ ಹರ್ಷಿತ ಅಂಗಡಿಗೆ ಬಂದಿದ್ದಳು. ಸುತ್ತ ನೋಡಿ ಅಂಗೈ ಬಿಚ್ಚಿದಳು. ಅದೇ ಹಿತ್ತಾಳೆ ತಾಳಿ, ಬೆವರಿಗೆ ಕಪ್ಪಾಗಿದೆ. ಇಷ್ಟು ದಿನವೂ ಮೈಮೇಲೇ ಇತ್ತು. "ದಾರದ ಕೊಂಡಿ ಬಿಟ್ಕೊಂಡದೆ ಅಪ್ಪ, ಬೆಸುಗೆ ಹಾಕ್ಕೊಡು. ಅಮ್ಮಂಗೆ ಹೇಳ್ಬೇಡ" ಅಂದಳು. ಎದ್ದು ಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಕೈಕಾಲು ತೊಳೆದು ಬಂದು, ಅಗ್ಗಿಷ್ಟಿಕೆಗೆ ಕೈಮುಗಿದು ಬೆಸುಗೆಗೆ ಕೂತೆ.